ಹಪ್ಪಳ ಕದ್ದವರು ಯಾರು? ಮಳೆ ರಜೆಗೆ ಮನೆಯಲ್ಲೇ ಮಾಡಿಕೊಳ್ಳುವ ಪತ್ತೇದಾರಿ ಆಟ

ಪುನರ್ವಸು ಮಳೆ ಹಿಡಿದರೆ ತೀರ್ಥಹಳ್ಳಿ ಕಡೆ ದಿನ ಹೇಗಿರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಆರಕ್ಕೇ ಫೋನಿಗೆ ರಜೆಯ ಸುದ್ದಿ ಬರುತ್ತದೆ. ಎಂಟರ ಹೊತ್ತಿಗೆ ಎಲ್ಲೋ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಮಧ್ಯಾಹ್ನಕ್ಕೆ ಫೋನಿನ ಚಾರ್ಜ್ ಖಾಲಿ. ಆಮೇಲೆ ಜಗಲಿಯಲ್ಲಿ ಮಕ್ಕಳ ಜಗಳ ಶುರು.

ನಾನಿರುವುದು ಶಿವಮೊಗ್ಗದಲ್ಲಿ, ತವರು ಮನೆ ತೀರ್ಥಹಳ್ಳಿ ಹತ್ತಿರ. ಮೂರು ವರ್ಷದ ಹಿಂದೆ ಇಂಥದ್ದೇ ಒಂದು ರಜೆಯಲ್ಲಿ ಮೂರು ಮಕ್ಕಳನ್ನು ಸುಧಾರಿಸಲು ಸುಮ್ನೆ ಶುರು ಮಾಡಿದ ಆಟ ಇದು. ಒಬ್ಬ ಅಕ್ಕನ ಮಗ, 11 ವರ್ಷ. ಒಬ್ಬಳು ನನ್ನ ಮಗಳು, 9. ಇನ್ನೊಬ್ಬಳು ಅಣ್ಣನ ಮಗಳು ಪುಟ್ಟಿ, ಆಗ ಆರು ತುಂಬಿತ್ತು ಅಷ್ಟೆ. ಈಗ ಮಳೆ ಬಂದರೆ ಸಾಕು, ಅವರೇ ಡಬ್ಬಿ ತೆಗೆದುಕೊಂಡು ಕೂರುತ್ತಾರೆ. ಹೇಗೆ ಮಾಡಿಕೊಳ್ಳಬೇಕು, ಹೇಗೆ ಆಡಿಸಬೇಕು, ಎಲ್ಲಿ ಎಡವುತ್ತೀರಿ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಆಟ ಆಡಿದರೆ ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ನಾನು ಹೇಳುವುದಿಲ್ಲ. ನನ್ನ ಮಗಳಿಗೆ ಬಂದಿಲ್ಲ. ಆದರೆ ‘ನನಗೆ ಗೊತ್ತು’ ಅನ್ನುವುದಕ್ಕೂ ‘ನನಗೆ ಹಾಗನ್ನಿಸುತ್ತೆ’ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಂತ ಅವಳಿಗೆ ಗೊತ್ತಾಗಿದೆ. ನಮ್ಮ ಮನೆಯ ಕೆಲವು ದೊಡ್ಡವರಿಗೆ ಇನ್ನೂ ಗೊತ್ತಾಗಿಲ್ಲ.

ಇದು ಎಂಥ ಆಟ?

ಮೂಲ ಆಟದ ಹೆಸರು ಕ್ಲೂಡೋ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಆಂಥನಿ ಪ್ರ್ಯಾಟ್ ಎಂಬ ಸಂಗೀತಗಾರ ಎರಡನೇ ಮಹಾಯುದ್ಧದ ಕಾಲದಲ್ಲಿ ಇದನ್ನು ಕಟ್ಟಿದರು. ಬಾಂಬ್ ಬೀಳುವ ಭಯಕ್ಕೆ ರಾತ್ರಿ ಊರಿಗೆ ಊರೇ ದೀಪ ಮರೆಮಾಡಿ ಒಳಗೆ ಕೂರುತ್ತಿದ್ದ ಕಾಲ ಅದು. 1944ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಯುದ್ಧ ಮುಗಿದ ಮೇಲೂ ಸಾಮಾನುಗಳ ಕೊರತೆ ಇದ್ದಿದ್ದರಿಂದ ಆಟ ಅಂಗಡಿಗೆ ಬಂದಿದ್ದು 1949ರಲ್ಲಿ. ಕತ್ತಲಲ್ಲಿ ಮನೆಯೊಳಗೆ ಸಿಕ್ಕಿಕೊಂಡವರ ಆಟ ನಮ್ಮ ಮಳೆಗಾಲಕ್ಕೆ ಹೊಂದಿಕೊಂಡಿದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಅದರಲ್ಲಿ ಒಂದು ದೊಡ್ಡ ಬಂಗಲೆ, ಒಂದು ಕೊಲೆ. ಅನುಮಾನದ ಪಟ್ಟಿಯಲ್ಲಿ 6 ಜನ, 6 ಆಯುಧ, 9 ಕೋಣೆ. ಯಾರು, ಯಾವುದರಿಂದ, ಎಲ್ಲಿ ಅನ್ನುವ 3 ಕಾರ್ಡ್ ಒಂದು ಲಕೋಟೆಯೊಳಗೆ. ಉಳಿದ 18 ಆಡುವವರ ಕೈಯಲ್ಲಿ. ಒಟ್ಟು 6×6×9, ಅಂದರೆ 324 ಸಾಧ್ಯತೆ. ಅದರಲ್ಲಿ ನಿಜ ಒಂದೇ.

ನಮ್ಮ ಅಳಗುಳಿಮಣೆ, ಹುಲಿ-ಕುರಿ, ಚೌಕಾಬಾರ ಇವೆಲ್ಲ ಕಡಿಮೆ ಆಟಗಳೇನಲ್ಲ. ಹುಲಿ-ಕುರಿಯಲ್ಲಿ ಅಜ್ಜನನ್ನು ಸೋಲಿಸಲು ನನಗೆ ಇವತ್ತಿಗೂ ಆಗಿಲ್ಲ. ಆದರೆ ಅಲ್ಲೆಲ್ಲ ಆಟ ಪೂರ್ತಿ ಕಣ್ಣ ಮುಂದೆಯೇ ಇರುತ್ತದೆ. ಪತ್ತೇದಾರಿ ಆಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚೂರು ಮಾತ್ರ ಗೊತ್ತಿರುತ್ತದೆ. ರಾಜ-ರಾಣಿ-ಕಳ್ಳ-ಪೊಲೀಸ್ ಚೀಟಿ ಆಟ ಇದಕ್ಕೆ ಹತ್ತಿರದ ನೆಂಟ. ಆದರೆ ಅದರಲ್ಲಿ ಪೊಲೀಸ್ ಆದವರು ಮುಖ ನೋಡಿ ಊಹೆ ಮಾಡಬೇಕು ಅಷ್ಟೆ, ಹಿಡಿದುಕೊಳ್ಳಲು ಸುಳಿವೇ ಇಲ್ಲ. ಯಾರು ಜಾಸ್ತಿ ನಗುತ್ತಾರೋ ಅವರೇ ಕಳ್ಳ.

ಮೊದಲ ಹೆಜ್ಜೆ: ವಯಸ್ಸು ನೋಡಿ ಶುರು ಮಾಡಿ

ಐದಾರು ವರ್ಷದ ಮಗುವಿನ ಕೈಗೆ ನೇರವಾಗಿ ಮುಂದೆ ಹೇಳುವ 18 ಕಾರ್ಡಿನ ಆಟ ಕೊಡಬೇಡಿ. ಕ್ಲೂಡೋ ಡಬ್ಬಿಯ ಮೇಲೂ 8 ವರ್ಷದ ಮೇಲೆ ಅಂತಲೇ ಇರುತ್ತದೆ. ಚಿಕ್ಕವರಿಗೆ ಮದುವೆಯ ಗ್ರೂಪ್ ಫೋಟೋ ಸಾಕು. ಇಪ್ಪತ್ತು-ಇಪ್ಪತ್ತೈದು ಜನ ಇರುವ ಒಂದು ಫೋಟೋ ಆಲ್ಬಮ್‌ನಿಂದ ತೆಗೆಯಿರಿ. ನೀವು ಮನಸ್ಸಿನಲ್ಲಿ ಒಬ್ಬರನ್ನು ಅಂದುಕೊಳ್ಳಿ. ಮಗು ಪ್ರಶ್ನೆ ಕೇಳಬೇಕು, ನೀವು ‘ಹೌದು’ ಅಥವಾ ‘ಅಲ್ಲ’ ಅಂತ ಮಾತ್ರ ಹೇಳಬೇಕು. ಅಲ್ಲ ಅಂತ ಆದವರ ಮುಖದ ಮೇಲೆ ಒಂದೊಂದು ಹುಣಸೆ ಬೀಜ ಇಡುತ್ತಾ ಹೋಗುವುದು.

ಮೊದಲ ದಿನ ಎಲ್ಲ ಮಕ್ಕಳೂ ‘ದೊಡ್ಡಪ್ಪನಾ? ಅತ್ತೆಯಾ?’ ಅಂತ ಒಬ್ಬೊಬ್ಬರನ್ನೇ ಕೇಳುತ್ತಾರೆ. ಕೇಳಲಿ ಬಿಡಿ. ಎರಡು-ಮೂರು ಆಟ ಆದಮೇಲೆ ನೀವು ಕೇಳುವ ಸರದಿ ಬಂದಾಗ ‘ಕನ್ನಡಕ ಹಾಕಿದ್ದಾರಾ?’ ಅಂತ ಕೇಳಿ. ಒಂದೇ ಪ್ರಶ್ನೆಗೆ ಎಷ್ಟೊಂದು ಮುಖ ಮುಚ್ಚಿಹೋಯಿತು ಅಂತ ಮಗು ನೋಡುತ್ತದೆ. ಪ್ರತಿ ಪ್ರಶ್ನೆಗೂ ಗುಂಪು ಅರ್ಧ ಆಗುವಂತೆ ಕೇಳಿದರೆ 24 ಜನರಲ್ಲಿ ಒಬ್ಬರನ್ನು ಹಿಡಿಯಲು ಐದು ಪ್ರಶ್ನೆ ಸಾಕು. 24 ಇದ್ದದ್ದು 12, 12 ಇದ್ದದ್ದು 6, ಹಾಗೆ. ಇದನ್ನು ಬಾಯಲ್ಲಿ ಹೇಳಿಕೊಡಬೇಡಿ. ನಮ್ಮ ಪುಟ್ಟಿ ನಾಲ್ಕನೇ ದಿನ ತಾನಾಗಿಯೇ ‘ಸೀರೆ ಉಟ್ಟಿದ್ದಾರಾ?’ ಅಂತ ಕೇಳಿದಳು. ಅದನ್ನು ಕೇಳಿ ನನಗಾದ ಖುಷಿ ಅವಳಿಗೆ ಅರ್ಥ ಆಗಲಿಲ್ಲ.

ಎರಡನೇ ಹೆಜ್ಜೆ: ಕಾರ್ಡ್ ಮಾಡಿಕೊಳ್ಳಿ

ಅಂಗಡಿಯ ಡಬ್ಬಿ ಕೊಂಡರೆ ತಪ್ಪೇನಿಲ್ಲ. ಆದರೆ ಮನೆಯಲ್ಲೇ ಮಾಡಿಕೊಂಡರೆ ಮಾಡುವ ಕೆಲಸದಲ್ಲೇ ಅರ್ಧ ದಿನ ಕಳೆಯುತ್ತದೆ. ಮಳೆ ರಜೆಯಲ್ಲಿ ಅದೂ ಲಾಭವೇ.

ಬೇಕಾಗಿದ್ದು 18 ಕಾರ್ಡ್: ಆರು ಕಳ್ಳರು, ಆರು ಕಳುವಾದ ವಸ್ತು, ಆರು ಜಾಗ. ಮದುವೆ ಸೀಸನ್ ಮುಗಿದಾಗ ಮನೆಯಲ್ಲಿ ಲಗ್ನಪತ್ರಿಕೆಗಳ ರಾಶಿ ಇರುತ್ತದಲ್ಲ, ಆ ದಪ್ಪ ಕಾಗದ ಇದಕ್ಕೆ ಚೆನ್ನಾಗಿ ಆಗುತ್ತದೆ. ಇಸ್ಪೀಟ್ ಎಲೆಯಷ್ಟು ದೊಡ್ಡದಾಗಿ ಕತ್ತರಿಸಿ. ಹಿಂಭಾಗ ಎಲ್ಲದರದ್ದೂ ಒಂದೇ ಥರ ಕಾಣಬೇಕು. ಇಲ್ಲದಿದ್ದರೆ ‘ಗಣಪತಿ ಚಿತ್ರ ಇರೋದು ಬೆಕ್ಕಿನ ಕಾರ್ಡ್’ ಅಂತ ಮಕ್ಕಳು ಹತ್ತೇ ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಅದೂ ಪತ್ತೇದಾರಿಕೆಯೇ, ಆದರೆ ಆಟ ಕೆಡುತ್ತದೆ. ಹಿಂದೆ ಬಿಳಿ ಹಾಳೆ ಅಂಟಿಸಿಬಿಡಿ. ಮುಂಭಾಗದಲ್ಲಿ ಹೆಸರು ಬರೆಯುವುದು, ಚಿತ್ರ ಬಿಡಿಸುವುದು ಮಕ್ಕಳ ಕೆಲಸ. ನಮ್ಮ ಹೆಗ್ಗಣ ನೋಡಲು ಎಮ್ಮೆಯ ಹಾಗಿದೆ. ಇರಲಿ.

ಮಳೆಗಾಲದಲ್ಲಿ ಕಾಗದ ನಮ್ಮ ಕಡೆ ಎರಡೇ ದಿನಕ್ಕೆ ಸುರುಟಿಕೊಳ್ಳುತ್ತದೆ, ವಾರಕ್ಕೆ ಬೂಷ್ಟು ಹಿಡಿಯುತ್ತದೆ. ಅಗಲದ ಸೆಲ್ಲೋಟೇಪನ್ನು ಎರಡೂ ಕಡೆ ಹೊಡೆದು, ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯಲ್ಲಿಡಿ. ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಮುಷ್ಟಿ ಅಕ್ಕಿ ಹಾಕಿ.

ಈಗ ಪಟ್ಟಿ. ನಮ್ಮದು ಹೀಗಿದೆ. ಕಳ್ಳರು: ಮಂಗ, ಬೆಕ್ಕು, ನಾಯಿ, ಅಳಿಲು, ಕಾಗೆ, ಹೆಗ್ಗಣ. ಕಳುವಾದದ್ದು: ಹಲಸಿನ ಹಪ್ಪಳ, ಕೋಡುಬಳೆ, ಚಕ್ಕುಲಿ, ಜೋನಿಬೆಲ್ಲ, ತೊಡೆದೇವು, ಬಾಳೆಹಣ್ಣು. ಜಾಗ: ಅಟ್ಟ, ಜಗಲಿ, ಕೊಟ್ಟಿಗೆ, ಬಚ್ಚಲು, ಪಣತ, ಬಾವಿಕಟ್ಟೆ. ಒಟ್ಟು 6×6×6, ಅಂದರೆ 216 ಸಾಧ್ಯತೆ. ಪಟ್ಟಿಯನ್ನು ಮಕ್ಕಳಿಂದಲೇ ಮಾಡಿಸಿ. ಬೆಂಗಳೂರಿಂದ ಬಂದ ನೆಂಟರ ಹುಡುಗ ‘ಪಣತ ಅಂದ್ರೆ ಏನು?’ ಅಂತ ಕೇಳಿದ. ಭತ್ತ ತುಂಬಿಡುವ ಜಾಗ ಅಂತ ನಮ್ಮ ಪುಟ್ಟಿ ಕರೆದುಕೊಂಡು ಹೋಗಿ ತೋರಿಸಿದಳು. ಅದರಲ್ಲಿ ಈಗ ಭತ್ತ ಇಲ್ಲ, ಹಳೇ ಸೈಕಲ್ ಇದೆ.

ಕೊಲೆ ಬೇಡ ಅಂತ ನಾವು ಮೊದಲೇ ತೀರ್ಮಾನ ಮಾಡಿದ್ದೆವು. ತಿಂಡಿ ಕಳ್ಳತನ ಆದರೆ ಆರು ವರ್ಷದವಳೂ ನಗುತ್ತಾ ಆಡುತ್ತಾಳೆ. ಕಳ್ಳರ ಪಟ್ಟಿಗೆ ಮೊದಲು ಮನೆಯವರ ಹೆಸರನ್ನೇ ಹಾಕಿದ್ದೆವು. ಅಜ್ಜನಿಗೆ ಸಕ್ಕರೆ ಕಾಯಿಲೆ. ಲಕೋಟೆಯಿಂದ ‘ಅಜ್ಜ, ಜೋನಿಬೆಲ್ಲ, ಅಟ್ಟದಲ್ಲಿ’ ಅಂತ ಬಂತು. ಅಜ್ಜಿ ಎದ್ದು ಹೋಗಿ ಅಟ್ಟದ ಬೆಲ್ಲದ ಡಬ್ಬ ನೋಡಿದರು. ನಿಜವಾಗಿಯೂ ಕಡಿಮೆ ಆಗಿತ್ತು. ಅವತ್ತಿನಿಂದ ಪ್ರಾಣಿಗಳೇ ಕಳ್ಳರು.

ಇನ್ನೊಂದು ವಿಷಯದಲ್ಲಿ ಮಾತ್ರ ನಾನು ಬಿಗಿ. ಪಟ್ಟಿ ಮಾಡುವಾಗ ಅಕ್ಕನ ಮಗ ‘ತೋಟದ ಕೆಲಸದವ’ ಅಂತ ಒಂದು ಕಾರ್ಡ್ ಬರೆದಿದ್ದ. ಅವನಿಗೆ ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಮನೆಯಲ್ಲಿ ಒಂದು ಚಮಚ ಕಾಣದಿದ್ದರೂ ಮೊದಲು ಯಾರ ಕಡೆ ಕಣ್ಣು ಹೋಗುತ್ತದೆ ಅಂತ ಅವನು ನೋಡಿಕೊಂಡೇ ಬೆಳೆದವನು. ನಾನು ಆ ಕಾರ್ಡ್ ತೆಗೆಸಿದೆ. ‘ಯಾಕೆ?’ ಅಂದ. ‘ಅವ ಕದ್ದಿದ್ದು ನೀನು ನೋಡಿದ್ಯಾ?’ ಅಂತ ಕೇಳಿದೆ. ‘ಆಟ ಅಲ್ವಾ ಚಿಕ್ಕಮ್ಮ’ ಅಂದ. ಆಟವೇ. ಆದರೆ ಯಾರ ಮೇಲೆ ಅನುಮಾನ ಪಟ್ಟರೆ ನಡೆಯುತ್ತದೆ ಅಂತ ಮಕ್ಕಳು ಇಂಥ ಕಡೆಯೇ ಕಲಿಯುವುದು. ಕೆಲಸದವರು, ಭಿಕ್ಷುಕರು, ಬೇರೆ ಊರಿನವರು, ಬೇರೆ ಜಾತಿ-ಧರ್ಮದವರು ಯಾರೂ ಈ ಪಟ್ಟಿಯಲ್ಲಿ ಬರಬಾರದು. ಮಂಗನಿಗೆ ಬೇಜಾರಿಲ್ಲ.

ಮೂರನೇ ಹೆಜ್ಜೆ: ಹಂಚಿ, ಆಡಿ

ಮೂರು ರಾಶಿಯನ್ನೂ ಬೇರೆ ಬೇರೆ ಕಲಸಿ. ಪ್ರತಿ ರಾಶಿಯಿಂದ ಒಂದೊಂದು ಕಾರ್ಡನ್ನು ಯಾರೂ ನೋಡದ ಹಾಗೆ ಲಕೋಟೆಗೆ ಹಾಕಿ. ಕಳ್ಳತನದ ಕತೆ ಅದರೊಳಗಿದೆ. ಉಳಿದ 15 ಕಾರ್ಡನ್ನು ಒಟ್ಟಿಗೆ ಕಲಸಿ ಹಂಚಿ. ಮೂವರಿಗಾದರೆ ತಲಾ ಐದು, ಐವರಿಗಾದರೆ ತಲಾ ಮೂರು. ನಾಲ್ವರಾದರೆ ಒಬ್ಬರಿಗೆ ಒಂದು ಕಡಿಮೆ ಬರುತ್ತದೆ, ಅದನ್ನು ಚಿಕ್ಕವರಿಗೆ ಕೊಡಬೇಡಿ, ಅಳುತ್ತಾರೆ. ಇಬ್ಬರೇ ಇದ್ದರೆ ಈ ಆಟದಲ್ಲಿ ರುಚಿ ಇಲ್ಲ. ಕೆಳಗೆ ಹೇಳಿದ ಬೀಜದ ಆಟ ಆಡಿ.

ಸರದಿ ಬಂದವರು ಒಂದು ಊಹೆ ಹೇಳಬೇಕು: ‘ಅಳಿಲು, ಚಕ್ಕುಲಿ, ಕೊಟ್ಟಿಗೆಯಲ್ಲಿ.’ ಎಡಗಡೆ ಕೂತವರ ಕೈಯಲ್ಲಿ ಆ ಮೂರರಲ್ಲಿ ಯಾವುದಾದರೂ ಇದ್ದರೆ, ಒಂದೇ ಒಂದನ್ನು, ಕೇಳಿದವರಿಗೆ ಮಾತ್ರ ಕಾಣುವಂತೆ ತೋರಿಸಬೇಕು. ಯಾವುದೂ ಇಲ್ಲದಿದ್ದರೆ ‘ಇಲ್ಲ’ ಅನ್ನಬೇಕು. ಆಗ ಅವರ ಪಕ್ಕದವರ ಸರದಿ. ಯಾರಾದರೂ ಒಬ್ಬರು ತೋರಿಸಿದರೆ ಅಲ್ಲಿಗೆ ನಿಲ್ಲುತ್ತದೆ, ಮುಂದಿನವರು ಊಹೆ ಹೇಳುತ್ತಾರೆ.

ಉತ್ತರ ಸಿಕ್ಕಿತು ಅಂತ ಖಾತ್ರಿ ಆದವರು ತಮ್ಮ ಸರದಿಯಲ್ಲಿ ‘ಹಿಡಿದೆ!’ ಅಂತ ಹೇಳಿ, ಮೂರನ್ನೂ ಗಟ್ಟಿಯಾಗಿ ಹೇಳಿ, ಲಕೋಟೆಯನ್ನು ತಾವೊಬ್ಬರೇ ತೆರೆದು ನೋಡಬೇಕು. ಸರಿ ಇದ್ದರೆ ಗೆದ್ದರು. ತಪ್ಪಾದರೆ ಬಾಯಿ ಬಿಡದೆ ಕಾರ್ಡುಗಳನ್ನು ವಾಪಸ್ ಒಳಗೆ ಹಾಕಬೇಕು. ಅವರು ಮುಂದೆ ಊಹೆ ಹೇಳುವ ಹಾಗಿಲ್ಲ. ಬೇರೆಯವರು ಕೇಳಿದಾಗ ಕಾರ್ಡ್ ತೋರಿಸುತ್ತಾ ಕೂರಬೇಕು. ಈ ಶಿಕ್ಷೆ ಬಹಳ ಮುಖ್ಯ. ಆತುರಕ್ಕೆ ಬೆಲೆ ಇರಬೇಕು.

ಅಂಗಡಿಯ ಆಟದಲ್ಲಿ ದಾಳ ಹಾಕಿ ಕೋಣೆಯಿಂದ ಕೋಣೆಗೆ ಹೋಗಬೇಕು. ನಾವು ಅದನ್ನು ಬಿಟ್ಟಿದ್ದೇವೆ. ದಾಳ ಇದ್ದರೆ ಮಕ್ಕಳ ಗಮನ ಪೂರ್ತಿ ಅದರ ಮೇಲೇ ಇರುತ್ತದೆ. ನಿಮ್ಮ ಮಕ್ಕಳಿಗೆ ಕಾಯಿ ನಡೆಸಿದರೇ ಖುಷಿ ಅಂತಿದ್ದರೆ ಮನೆಯ ನಕ್ಷೆ ಬರೆದು, ಚೌಕಾಬಾರದ ಕವಡೆ ಹಾಕಿ ಆಡಿಸಿ.

ನಾವು ಮೊದಲ ಸಲ ಹಂಚುವಾಗ ಅಜ್ಜ ಕನ್ನಡಕದ ಮೇಲಿಂದ ನೋಡಿ, ‘ಎಂತ ಮಾರಾಯ್ತಿ, ಮಕ್ಕಳಿಗೆ ಇಸ್ಪೀಟ್ ಕಲಿಸ್ತಾ ಇದ್ಯಾ?’ ಅಂದರು. ಈಗ ನಾಲ್ಕನೆಯವರು ಬೇಕಾದರೆ ಅವರೇ ಬಂದು ಕೂರುತ್ತಾರೆ.

ನಾಲ್ಕನೇ ಹೆಜ್ಜೆ: ನೋಟ್‌ಬುಕ್

ಆಟದ ಜೀವ ಇರುವುದು ಕಾರ್ಡಿನಲ್ಲಲ್ಲ, ಪೆನ್ಸಿಲ್‌ನಲ್ಲಿ. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಿ.

ಪ್ರತಿ ಮಗುವಿಗೂ ಒಂದು ಹಾಳೆ ಕೊಡಿ. ಎಡಗಡೆ ಮೇಲಿಂದ ಕೆಳಗೆ 18 ಹೆಸರು. ಮೊದಲ ವಾರ ಒಂದೇ ಕೆಲಸ: ತನ್ನ ಕೈಯಲ್ಲಿರುವುದಕ್ಕೂ, ಬೇರೆಯವರು ತೋರಿಸಿದ್ದಕ್ಕೂ ಗೆರೆ ಹೊಡೆಯುವುದು. ಗೆರೆ ಬೀಳದೆ ಉಳಿದದ್ದು ಲಕೋಟೆಯಲ್ಲಿ ಇರಬಹುದು. ಇಷ್ಟರಲ್ಲೇ ಆಟ ನಡೆಯುತ್ತದೆ.

ಎರಡನೇ ವಾರ ಹಾಳೆಯಲ್ಲಿ ಒಬ್ಬೊಬ್ಬ ಆಟಗಾರರಿಗೆ ಒಂದೊಂದು ಅಂಕಣ ಎಳೆಯಿರಿ. ಈಗ ಬರೆಯಬೇಕಾದದ್ದು ‘ಇದು ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ’ ಅಂತ. ಗುರುತು ಮೂರೇ. ಇದೆ ಅಂತ ಖಂಡಿತ ಗೊತ್ತಿದ್ದರೆ ಸರಿ ಗುರುತು. ಇಲ್ಲ ಅಂತ ಖಂಡಿತ ಗೊತ್ತಿದ್ದರೆ ಅಡ್ಡ ಗುರುತು. ಇರಬಹುದು ಅನ್ನಿಸಿದರೆ ಚುಕ್ಕಿ. ಚುಕ್ಕಿಯನ್ನು ಪೆನ್ಸಿಲ್‌ನಲ್ಲೇ ಹಾಕಬೇಕು, ಯಾಕೆಂದರೆ ಅಳಿಸಬೇಕಾಗುತ್ತದೆ. ಉಳಿದ ಎರಡನ್ನು ಪೆನ್ನಿನಲ್ಲಿ ಬರೆಯಲಿ. ಪೆನ್ ಎತ್ತಿಕೊಳ್ಳುವ ಮೊದಲು ಮಗು ಒಂದು ಕ್ಷಣ ನಿಲ್ಲುತ್ತದೆ. ಆ ಒಂದು ಕ್ಷಣಕ್ಕಾಗಿಯೇ ನಾನು ಈ ಆಟ ಆಡಿಸುವುದು.

ಮಕ್ಕಳು ಮೊದಲು ತಪ್ಪಿಸಿಕೊಳ್ಳುವುದು ‘ಇಲ್ಲ’ ಅನ್ನುವ ಉತ್ತರವನ್ನು. ಏನೂ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಕಾರ್ಡ್ ತೋರಿಸಿದರೆ ಗೊತ್ತಾಗುವುದು ಒಂದೇ ವಿಷಯ. ‘ಇಲ್ಲ’ ಅಂದರೆ ಮೂರು ವಿಷಯ ಒಟ್ಟಿಗೆ ಗೊತ್ತಾಗುತ್ತದೆ: ಅವರ ಹತ್ತಿರ ಅಳಿಲೂ ಇಲ್ಲ, ಚಕ್ಕುಲಿಯೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಅದೂ ಕೇಳಿದವರಿಗೆ ಮಾತ್ರ ಅಲ್ಲ, ಕೂತ ಎಲ್ಲರಿಗೂ.

ಇನ್ನೊಂದು, ಬೇರೆಯವರ ಸರದಿಯಲ್ಲೂ ಕಿವಿ ತೆರೆದಿರಬೇಕು. ಒಂದು ಉದಾಹರಣೆ. ನೀವು, ಅಕ್ಕ, ತಮ್ಮ ಆಡುತ್ತಿದ್ದೀರಿ. ಅಕ್ಕ ಕೇಳುತ್ತಾಳೆ: ‘ಮಂಗ, ಕೋಡುಬಳೆ, ಬಚ್ಚಲು.’ ತಮ್ಮ ಅವಳಿಗೆ ಏನೋ ಒಂದು ತೋರಿಸುತ್ತಾನೆ. ಯಾವುದು ಅಂತ ನಿಮಗೆ ಕಾಣುವುದಿಲ್ಲ. ಆದರೆ ಮಂಗ ನಿಮ್ಮ ಕೈಯಲ್ಲೇ ಇದೆ. ಕೋಡುಬಳೆಯನ್ನು ಎರಡು ಸುತ್ತಿನ ಹಿಂದೆ ಅಕ್ಕನೇ ನಿಮಗೆ ತೋರಿಸಿದ್ದಾಳೆ. ಹಾಗಾದರೆ ತಮ್ಮ ತೋರಿಸಿದ್ದು? ಬಚ್ಚಲೇ. ಯಾರೂ ಹೇಳಲಿಲ್ಲ, ನೀವು ನೋಡಲೂ ಇಲ್ಲ, ಆದರೂ ಪೆನ್ನಿನಲ್ಲಿ ಬರೆಯಬಹುದು. ಜೊತೆಗೆ ಇನ್ನೊಂದು ವಿಷಯವೂ ಗೊತ್ತಾಯಿತು: ಅಕ್ಕ ತನ್ನ ಕೈಯಲ್ಲಿರುವ ಕಾರ್ಡನ್ನೇ ಊಹೆಯಲ್ಲಿ ಸೇರಿಸಿ ಕೇಳುತ್ತಾಳೆ, ಭಾರಿ ಜಾಣೆ.

ನನ್ನ ಮಗಳಿಗೆ ಇದು ಮೊದಲ ಸಲ ಹೊಳೆದ ದಿನ ಅವಳು ಏನೂ ಮಾತಾಡಲಿಲ್ಲ. ಹಾಳೆಯನ್ನು ಎದೆಗೆ ಒತ್ತಿಕೊಂಡು ಎಲ್ಲರ ಮುಖ ನೋಡಿದಳು.

ಐದನೇ ಹೆಜ್ಜೆ: ದೊಡ್ಡವರು ಬಾಯಿ ಮುಚ್ಚಿಕೊಳ್ಳುವುದು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಮಗುವಿನ ಹಾಳೆಯಲ್ಲಿ ಉತ್ತರ ಕಣ್ಣಿಗೆ ಹೊಡೆಯುತ್ತಿರುತ್ತದೆ, ಅದಕ್ಕೆ ಕಾಣುವುದಿಲ್ಲ. ನಮ್ಮ ನಾಲಿಗೆ ತುರಿಸುತ್ತದೆ. ಹೇಳಬೇಡಿ. ಆಟದ ನಡುವೆ ಎರಡೇ ಪ್ರಶ್ನೆಗೆ ಅವಕಾಶ: ‘ನಿನಗೆ ಹೇಗೆ ಗೊತ್ತಾಯ್ತು?’ ಮತ್ತು ‘ಅದು ಗೊತ್ತಿರೋದಾ, ಅನ್ನಿಸಿದ್ದಾ?’ ತಪ್ಪಾದಾಗ ಮಾತ್ರ ಕೇಳಿದರೆ ಮಗು ನಿಮ್ಮ ಮುಖ ನೋಡಿಯೇ ಕಲಿತುಬಿಡುತ್ತದೆ, ಆದ್ದರಿಂದ ಸರಿ ಇದ್ದಾಗಲೂ ಕೇಳಿ. ಚಿಕ್ಕವರನ್ನು ದೊಡ್ಡ ಮಕ್ಕಳ ಜೋಡಿ ಮಾಡಿ ಕೂರಿಸಿ. ಹೇಳಿಕೊಡುವಾಗ ದೊಡ್ಡವರಿಗೇ ಜಾಸ್ತಿ ಅರ್ಥ ಆಗುತ್ತದೆ.

ಆಟ ಮುಗಿದ ಮೇಲೆ ಎಲ್ಲರ ಹಾಳೆಯನ್ನೂ ಚಾಪೆ ಮೇಲೆ ಹರಡಿ ಐದು ನಿಮಿಷ ಮಾತಾಡಿ. ಎಲ್ಲಿ ದಾರಿ ತಪ್ಪಿತು ಅಂತ ಅವರೇ ಹುಡುಕಲಿ.

ಒಂದು ಸಲ ತಪ್ಪು ಮಾಡಿದ್ದು ನಾನೇ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಗಡಿಬಿಡಿಯಲ್ಲಿ ಕೈಯಲ್ಲಿ ‘ಕಾಗೆ’ ಇಟ್ಟುಕೊಂಡೇ ‘ಇಲ್ಲ’ ಅಂದುಬಿಟ್ಟೆ. ಅದನ್ನು ನಂಬಿ ಇಬ್ಬರು ಲಕೋಟೆ ತೆರೆದು ಸೋತರು. ಆಮೇಲೆ ನನಗಾದ ಮಂಗಳಾರತಿ ಕೇಳಬೇಡಿ. ಆದರೆ ಸುಳ್ಳು ಉತ್ತರ ಒಂದು ಸೇರಿಕೊಂಡರೆ ಎಷ್ಟು ಚೆನ್ನಾಗಿ ಯೋಚಿಸಿದರೂ ಹಳ್ಳಕ್ಕೇ ಬೀಳುತ್ತೇವೆ ಅಂತ ಅವತ್ತು ಅವರು ಕಂಡಷ್ಟು ಸ್ಪಷ್ಟವಾಗಿ ನಾನು ಹೇಳಿ ತೋರಿಸಲು ಆಗುತ್ತಿರಲಿಲ್ಲ. ಅದಾದಮೇಲೆ ನಮ್ಮಲ್ಲಿ ಮೋಸದ ಕಾಟ ಕಡಿಮೆ.

ಬೀಜದ ಆಟ: ಇಬ್ಬರಿದ್ದಾಗ

ಇದರ ಮೂಲ ಮಾಸ್ಟರ್‌ಮೈಂಡ್ ಎಂಬ ಆಟ. ಇಸ್ರೇಲಿನ ಮೊರ್ದೆಕಾಯ್ ಮೈರೋವಿಟ್ಜ್ 1970ರ ಸುಮಾರಿಗೆ ರೂಪಿಸಿದ್ದು. ಅದರಲ್ಲಿ ಬಣ್ಣದ ಗೂಟಗಳು. ನಮಗೆ ಬೀಜ ಸಾಕು: ಹುಣಸೆ ಬೀಜ, ಹಲಸಿನ ಬೀಜ, ಕಾಫಿ ಬೀಜ, ಒಣ ಅಡಿಕೆ, ಸೀಗೆ ಬೀಜ, ಕಡಲೆ. ಗುಲಗಂಜಿ ಚಂದ ಕಾಣುತ್ತದೆ ಅಂತ ಮಾತ್ರ ತರಬೇಡಿ, ಅದು ವಿಷ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಬೀಜವೇ ಬೇಡ, ಬಣ್ಣದ ಚೀಟಿ ಇಟ್ಟುಕೊಳ್ಳಿ.

ಒಬ್ಬರು ತಟ್ಟೆಯ ಮರೆಯಲ್ಲಿ ನಾಲ್ಕು ಬೀಜವನ್ನು ಸಾಲಾಗಿ ಇಡುತ್ತಾರೆ. ಇನ್ನೊಬ್ಬರು ಊಹಿಸಿ ತಮ್ಮ ಸಾಲು ಇಡುತ್ತಾರೆ. ಬೀಜವೂ ಜಾಗವೂ ಸರಿ ಇದ್ದರೆ ಒಂದು ಕರಿ ಉದ್ದಿನ ಕಾಳು. ಬೀಜ ಸರಿ, ಜಾಗ ತಪ್ಪಾಗಿದ್ದರೆ ಒಂದು ಅಕ್ಕಿ ಕಾಳು. ಯಾವ ಬೀಜಕ್ಕೆ ಯಾವ ಕಾಳು ಅಂತ ಹೇಳುವ ಹಾಗಿಲ್ಲ. ಆರು ಬಗೆ, ನಾಲ್ಕು ಜಾಗ, ಒಂದೇ ಬಗೆ ಮತ್ತೆ ಬರಬಹುದು ಅಂತಾದರೆ 1296 ಸಾಲು ಆಗುತ್ತದೆ. ಸರಿಯಾದ ಲೆಕ್ಕಾಚಾರ ಇದ್ದರೆ ಐದು ಊಹೆಯೊಳಗೆ ಯಾವ ಸಾಲನ್ನಾದರೂ ಹಿಡಿಯಬಹುದು ಅಂತ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1977ರಲ್ಲಿ ತೋರಿಸಿಕೊಟ್ಟರು. ನನಗೆ ಎಂಟು ಬೇಕು. ಚಿಕ್ಕವರಿಗೆ ನಾಲ್ಕು ಬಗೆ, ಮೂರು ಜಾಗ ಕೊಡಿ, ಬರೀ 64 ಸಾಲು.

ಮಕ್ಕಳು ಪ್ರತಿ ಸಲ ಪೂರ್ತಿ ಸಾಲನ್ನೇ ಬದಲಿಸುತ್ತಾರೆ. ಆಗ ಕಾಳು ಯಾಕೆ ಬದಲಾಯಿತು ಅಂತ ತಿಳಿಯುವುದಿಲ್ಲ. ಒಂದನ್ನೇ ಬದಲಿಸಿ ನೋಡುವ ಉಪಾಯ ಅವರಿಗೇ ಹೊಳೆಯುವ ತನಕ ಕಾಯಿರಿ. ಶಾಲೆಯ ವಿಜ್ಞಾನ ಪ್ರಯೋಗದಲ್ಲೂ ಇದೇ ದಾರಿ. ಅಡುಗೆಯ ಸಾರಿನಲ್ಲಿ ಯಾವುದು ಜಾಸ್ತಿ ಆಯಿತು ಅಂತ ಕಂಡುಹಿಡಿಯುವುದಕ್ಕೂ ಇದೇ.

ದೊಡ್ಡ ಮಕ್ಕಳಿಗೆ: ಬಸ್ಸಿನಲ್ಲಿ ತಪ್ಪಿಸಿಕೊಂಡ ಕಳ್ಳ

ಹತ್ತು ದಾಟಿದವರಿಗೆ ಸ್ಕಾಟ್ಲೆಂಡ್ ಯಾರ್ಡ್ ಅಂತ ಒಂದು ಆಟ ಇದೆ. 1983ರಲ್ಲಿ ಬಂದದ್ದು, ಅದೇ ವರ್ಷ ಜರ್ಮನಿಯಲ್ಲಿ ವರ್ಷದ ಆಟ ಪ್ರಶಸ್ತಿ ಸಿಕ್ಕಿತು. ಒಬ್ಬ ಲಂಡನ್ನಿನಲ್ಲಿ ಅಡಗಿ ಓಡಾಡುತ್ತಾನೆ, ಉಳಿದವರೆಲ್ಲ ಸೇರಿ ಹಿಡಿಯಬೇಕು. ಅವನು ಎಲ್ಲಿದ್ದಾನೆ ಅಂತ ಕಾಣುವುದಿಲ್ಲ. ಟ್ಯಾಕ್ಸಿ, ಬಸ್ಸು, ಸುರಂಗ ರೈಲು, ಯಾವುದರಲ್ಲಿ ಹೋದ ಅಂತ ಮಾತ್ರ ಗೊತ್ತಾಗುತ್ತದೆ.

ನಾವು ಲಂಡನ್ ಬಿಟ್ಟು ನಮ್ಮ ಜಿಲ್ಲೆಯನ್ನೇ ಹಳೇ ಕ್ಯಾಲೆಂಡರ್ ಹಿಂದೆ ಬರೆದುಕೊಂಡೆವು. ಶಿವಮೊಗ್ಗ, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ ಒಂದು ದಾರಿ. ಆಯನೂರು, ಆನಂದಪುರ, ಸಾಗರ, ತಾಳಗುಪ್ಪ, ಜೋಗ ಇನ್ನೊಂದು. ರಿಪ್ಪನ್‌ಪೇಟೆ, ಹೊಸನಗರ, ಸೊರಬ, ಶಿಕಾರಿಪುರ, ಭದ್ರಾವತಿಯನ್ನೂ ಸೇರಿಸಿ ಗೆರೆ ಎಳೆಯಿರಿ. ಯಾವ ಊರಿಂದ ಯಾವ ಊರಿಗೆ ನೇರ ದಾರಿ ಅಂತ ಮಕ್ಕಳು ವಾದ ಮಾಡಲಿ, ಅಜ್ಜನನ್ನು ಕೇಳಲಿ. ಬಸ್ಸಿಗೆ ಒಂದು ಬಣ್ಣದ ಚೀಟಿ, ರೈಲಿಗೆ ಇನ್ನೊಂದು. ಕಳ್ಳ ತನ್ನ ಜಾಗವನ್ನು ಗುಟ್ಟಾಗಿ ಬರೆದುಕೊಂಡು, ಚೀಟಿಯನ್ನು ಮಾತ್ರ ಎಲ್ಲರೆದುರು ಇಡುತ್ತಾನೆ. ಮೂರು ಸುತ್ತಿಗೊಮ್ಮೆ ಎಲ್ಲಿದ್ದೇನೆ ಅಂತ ಹೇಳಬೇಕು.

ಮಜಾ ಇರುವುದು ರೈಲಿನಲ್ಲಿ. ನಮ್ಮ ನಕ್ಷೆಯಲ್ಲಿ ರೈಲು ನಿಲ್ಲುವುದು ಭದ್ರಾವತಿ, ಶಿವಮೊಗ್ಗ, ಆನಂದಪುರ, ಸಾಗರ, ತಾಳಗುಪ್ಪ ಇಷ್ಟರಲ್ಲಿ. ಕಳ್ಳ ರೈಲಿನ ಚೀಟಿ ಇಟ್ಟ ಅಂದರೆ ಈ ಐದರಲ್ಲಿ ಒಂದು ಕಡೆ ಇದ್ದಾನೆ. ಹಿಂದಿನ ಸುತ್ತಿನಲ್ಲಿ ಅವನು ಶಿವಮೊಗ್ಗದಲ್ಲಿ ಕಂಡಿದ್ದರೆ ಎಷ್ಟು ಕಡಿಮೆ ಆಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಇದರಲ್ಲಿ ಪೊಲೀಸರೆಲ್ಲ ಒಂದೇ ಕಡೆ, ಹಾಗಾಗಿ ಮಾತಾಡಿ ಒಪ್ಪಿಸುವುದನ್ನು ಕಲಿಯುತ್ತಾರೆ. ಜೋರು ಗಂಟಲಿನ ಹುಡುಗ ಎಲ್ಲರನ್ನೂ ಸಾಗರಕ್ಕೆ ಓಡಿಸುತ್ತಾನೆ, ಕಳ್ಳ ಆಗುಂಬೆಯಲ್ಲಿ ಸೂರ್ಯಾಸ್ತ ನೋಡುತ್ತಿರುತ್ತಾನೆ. ಮುಂದಿನ ಸಲ ಅವನ ಮಾತಿಗೆ ‘ಹೇಗೆ ಗೊತ್ತು?’ ಅಂತ ಉಳಿದವರೇ ಕೇಳುತ್ತಾರೆ.

ಶಿಕ್ಷಕರಿಗೆ ಒಂದು ಮಾತು

ನಾಲ್ಕೈದು ಮಕ್ಕಳು, ಬೇರೆ ಬೇರೆ ತರಗತಿ, ಒಂದೇ ಕೋಣೆ ಇರುವ ಶಾಲೆಗಳಿಗೆ ಈ ಆಟ ಚೆನ್ನಾಗಿ ಹೊಂದುತ್ತದೆ. ಒಂದೇ ಎಚ್ಚರಿಕೆ: ತಿಂಡಿಯ ಬದಲು ಪಾಠದ ವಿಷಯ ಹಾಕಿ ಕಲಿಸೋಣ ಅಂತ ಹೋಗಬೇಡಿ. ಹಕ್ಕಿ, ಆಹಾರ, ಗೂಡು ಅಂತ ಕಾರ್ಡ್ ಮಾಡಿದರೆ ಲಕೋಟೆಯಲ್ಲಿ ‘ಮಿಂಚುಳ್ಳಿ, ಭತ್ತ, ತೆಂಗಿನ ಮರದ ತುದಿಯಲ್ಲಿ’ ಅಂತ ಬಂದು ಮಕ್ಕಳ ತಲೆಯಲ್ಲಿ ಅದೇ ಕೂರುತ್ತದೆ. ಈ ಆಟದಲ್ಲಿ ಕಾರ್ಡುಗಳು ಹೇಗೆಂದರೆ ಹಾಗೆ ಸೇರುತ್ತವೆ. ತಿಂಡಿಯೇ ವಾಸಿ.

ಎತ್ತಿಡುವಾಗ

ಒಂದು ಆಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ದಿನಕ್ಕೆ ಎರಡು ಸಾಕು. ಇನ್ನೂ ಬೇಕು ಅನ್ನುವಾಗಲೇ ಎತ್ತಿಡಿ. ಎತ್ತಿಡುವಾಗ ತಪ್ಪದೆ 18 ಎಣಿಸಿ. ನಾವು ಎಣಿಸದೆ ಇಟ್ಟ ಒಂದು ದಿನದ ಕತೆ ಇದೆ.

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ತನ್ನ ಕೈಯ ಎರಡು ಕಾರ್ಡ್ ಜೊತೆ ಮಂಗವನ್ನು ಸೇರಿಸಿ ಕೇಳಿದ. ಇಬ್ಬರೂ ‘ಇಲ್ಲ’ ಅಂದರು. ಇನ್ನು ಅನುಮಾನವೇ ಇಲ್ಲ, ಕಳ್ಳ ಮಂಗನೇ. ತಿಂಡಿ, ಜಾಗ ಎರಡನ್ನೂ ಹಾಗೇ ಹಿಡಿದು ಲಕೋಟೆ ತೆರೆದ. ಒಳಗೆ ನಾಯಿ ಇತ್ತು. ‘ನನ್ನ ಲೆಕ್ಕ ಸರಿ ಇದೆ’ ಅಂದ. ‘ಸೋತವರೆಲ್ಲ ಹಂಗೇ ಹೇಳೋದು’ ಅಂತ ನಾವು ನಕ್ಕೆವು. ಅವನು ಬಿಡಲಿಲ್ಲ. ಹಾಳೆ ತೋರಿಸಿದ, ಒಂದೊಂದು ಗುರುತನ್ನೂ ಯಾಕೆ ಹಾಕಿದೆ ಅಂತ ಹೇಳಿದ. ‘ನಮ್ಮ ಮೂರು ಜನರ ಹತ್ರನೂ ಮಂಗ ಇಲ್ಲ, ಕವರಲ್ಲೂ ಇಲ್ಲ. ಹಂಗಾದ್ರೆ ಮಂಗ ಆಟದಲ್ಲೇ ಇಲ್ಲ’ ಅಂದ. ಎಲ್ಲ ಕಾರ್ಡನ್ನೂ ಚಾಪೆಗೆ ಸುರಿದು ಎಣಿಸಿದೆವು. 17. ಪುಟ್ಟಿಗೆ ನಾಲ್ಕೇ ಕಾರ್ಡ್ ಬಂದಿದ್ದನ್ನು ಅವಳೂ ಸೇರಿ ಯಾರೂ ಗಮನಿಸಿರಲಿಲ್ಲ.

ಮಂಗ ಸಂಜೆ ಸಿಕ್ಕಿತು, ಅಜ್ಜನ ಎಲೆಅಡಿಕೆ ತಟ್ಟೆಯ ಅಡಿಯಲ್ಲಿ. ಹೇಗೆ ಹೋಯಿತು ಅಂತ ಅಜ್ಜನಿಗೂ ಗೊತ್ತಿಲ್ಲವಂತೆ. ಮಕ್ಕಳ ಹಾಳೆಯಲ್ಲಿ ಅಜ್ಜನ ಹೆಸರಿನ ಮುಂದೆ ಈಗಲೂ ಪೆನ್ಸಿಲ್ ಚುಕ್ಕಿಯೇ ಇದೆ.